ಹುಂಡಾ ಬ್ಯಾಡ, ಹುಡಗೀನೂ ಬ್ಯಾಡ

ಹೋದ ತಿಂಗಳು ನಮ್ಮ ಸಂಘದ ಉಳಿತಾಯದ ದಿನ ಒಂದು ಸಂತೋಷದ ಸುದ್ದಿ ಬಂತು. ಸಂತೋಷದ ಸುದ್ದಿ ಎಂದೇ ಎಲ್ಲರೂ ತಿಳಿದೆವು. ನಮ್ಮ ಸದಸ್ಯೆಯೊಬ್ಬಳಿಗೆ ವಯಸ್ಸು ಇಪ್ಪತ್ತಾರು. ಎರಡು ವರ್ಷದ ಹಿಂದೆ ಹೈದರಾಬಾದ್ ರಸ್ತೆಯ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡವಳು, ಆರು ವರ್ಷದ ಮಗಳ ತಾಯಿ. ಅವಳಿಗೆ ಹುಮನಾಬಾದಿನಿಂದ ಸಂಬಂಧ ಬಂದಿತ್ತು. ಗಂಡಿಗೂ ಇದು ಎರಡನೆಯದು. ನಾಲ್ಕು ಎಕರೆ ಹೊಲ, ಸ್ವಂತ ಮನೆ, ಕುಡಿಯುವ ಚಟವಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತನ್ನು ಅವಳ ತಾಯಿ ಕೊನೆಗೆ ಇಟ್ಟುಕೊಂಡಿದ್ದಳು.

"ಒಂದು ರೂಪಾಯಿ ಹುಂಡಾ ಕೇಳಿಲ್ರಿ ಅಕ್ಕೋರೆ. ಏನೂ ಬ್ಯಾಡ ಅಂದಾರ. ಹುಡಗಿಗಿ ಮಾತ್ರ ನಮ್ಮ ಬಲ್ಲೇ ಬಿಡಬೇಕಂತ, ಅಷ್ಟೇ."

ಇಪ್ಪತ್ತು ಜನ ಕೂತಿದ್ದೆವು. ವರದಕ್ಷಿಣೆ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂದು ಸಂಘ ಶುರುವಾದ ದಿನ ಕೈಮುಂದೆ ಮಾಡಿ ಹೇಳಿದವರು ನಾವು. "ಛಲೋ ಆಯ್ತು, ಹುಂಡಾ ಇಲ್ಲದ ಸಂಬಂಧ ಈ ಕಾಲದಾಗ ಎಲ್ಲಿ ಸಿಗತದ" ಎಂದು ಅಷ್ಟೂ ಜನ ತಲೆಯಾಡಿಸಿದರು. ಹುಡುಗಿ ಅವ್ವನ ತೊಡೆಯ ಮೇಲೆ ಕೂತು ಪಾಸ್‌ಬುಕ್ಕಿನ ಹಾಳೆ ತಿರುವುತ್ತಿತ್ತು. ನಾನು ತಲೆಯಾಡಿಸಲಿಲ್ಲ, ಹಾಗೆಂದು ಬಾಯಿಯನ್ನೂ ಬಿಡಲಿಲ್ಲ. ಯಾಕೆಂದರೆ ಆ "ಅಷ್ಟೇ" ಎಂಬ ಮಾತಿನ ಬೆಲೆ ಎಷ್ಟೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. 2009ರಲ್ಲಿ ಅದನ್ನು ನಾನು ಕೊಟ್ಟಿದ್ದೇನೆ. ಅಂದು ಬಾಯಿಗೆ ಬಾರದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ಮದುವೆ 2003ರಲ್ಲಿ. ಐದು ತೊಲ ಬಂಗಾರದ ಮಾತಾಗಿತ್ತು, ನನ್ನ ಅಪ್ಪ ಮೂರು ಕೊಟ್ಟಿದ್ದ. ಉಳಿದ ಎರಡು ತೊಲದ ಲೆಕ್ಕ ಮೂರು ವರ್ಷ ನನ್ನ ಬೆನ್ನ ಮೇಲೆ ನಡೆಯಿತು. ಆ ಕತೆ ಇಲ್ಲಿ ಬೇಡ, ಈ ಪತ್ರಿಕೆಯ ಓದುಗರಿಗೆ ಅದು ಹೊಸದೂ ಅಲ್ಲ. ಒಂದು ವರ್ಷದ ಮಗಳನ್ನು ಎತ್ತಿಕೊಂಡು ಹುಮನಾಬಾದಿನ ತವರಿಗೆ ಬಂದೆ. ಕೋರ್ಟಿನಿಂದ ಬಿಡುಗಡೆಯಾಯಿತು. ಮಗಳಿಗೆಂದು ಬರೆಸಿಕೊಟ್ಟ ಹಣ ನಾಲ್ಕು ತಿಂಗಳು ಬಂದು ನಿಂತಿತು. ಮಗಳಿಗೆ ನಾಲ್ಕು ತುಂಬಿದಾಗ ಬಸವಕಲ್ಯಾಣದಿಂದ ಸಂಬಂಧ ಬಂತು. ಹೆಂಡತಿ ಕಾಯಿಲೆಯಲ್ಲಿ ತೀರಿಹೋದ ಮನುಷ್ಯ, ಎಂಟು ವರ್ಷದ ಮಗ, ಐದು ವರ್ಷದ ಮಗಳು. ಹಿರಿಯರು ಅಂದದ್ದು ಇದೇ ಮಾತು: ಹುಂಡಾ ಬ್ಯಾಡ, ಹುಡಗೀನೂ ಬ್ಯಾಡ.

ನೋಡಿ, ಅವರ ಇಬ್ಬರು ಮಕ್ಕಳಿಗೆ ಅವ್ವ ಬೇಕಾಗಿದ್ದಳು, ಅದಕ್ಕೇ ನನ್ನನ್ನು ಕೇಳಲು ಬಂದಿದ್ದರು. ನನ್ನ ಒಬ್ಬ ಮಗಳಿಗೆ ಅವ್ವ ಬೇಡ. ಇದರಲ್ಲಿ ಏನೋ ತಪ್ಪಿದೆ ಎಂದು ಅಂದು ಆ ಚಾಪೆಯ ಮೇಲೆ ಕೂತ ಒಬ್ಬ ಹಿರಿಯನಿಗೂ ಅನ್ನಿಸಲಿಲ್ಲ.

ಇದು ನಮ್ಮ ಕಡೆ ಹಳೆಯ ರೂಢಿ. ಉಡಕಿ ಎಂಬ ಮರುಮದುವೆಯ ಪದ್ಧತಿ ನಮ್ಮ ಎಷ್ಟೋ ಜಾತಿಗಳಲ್ಲಿ ಮೊದಲಿನಿಂದ ಉಂಟು. ಮೇಲ್ಜಾತಿಗಳಲ್ಲಿ ವಿಧವೆಯ ತಲೆ ಬೋಳಿಸುತ್ತಿದ್ದ ಕಾಲದಲ್ಲೂ ನಮ್ಮ ಮುತ್ತಜ್ಜಿಯರು ಉಡಕಿಯಾಗಿ ಹೊಸ ಸಂಸಾರ ಕಟ್ಟಿಕೊಂಡರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆ ಪಡುವ ಮಾತೇ. ಆದರೆ ಆ ಮದುವೆ ರಾತ್ರಿ ಹೊತ್ತಿನಲ್ಲಿ, ವಾಲಗವಿಲ್ಲದೆ ನಡೆಯುತ್ತಿತ್ತು. ಹೋಗುವವಳು ಮೈಮೇಲಿನ ಸೀರೆಯಲ್ಲಿ ಹೋಗುತ್ತಿದ್ದಳು, ಮಕ್ಕಳು ಸತ್ತ ಗಂಡನ ಮನೆಯ ಆಸ್ತಿಯಂತೆ ಅಲ್ಲೇ ಉಳಿಯುತ್ತಿದ್ದವು. ಸರ್ಕಾರ ಮಾಡಿದ ಕಾನೂನೂ ಬೇರೆಯೇನೂ ಇರಲಿಲ್ಲ. 1856ರ ವಿಧವಾ ಪುನರ್ವಿವಾಹ ಕಾಯ್ದೆಯನ್ನು ಶಾಲೆಯ ಪುಸ್ತಕದಲ್ಲಿ ಸುಧಾರಣೆ ಎಂದು ಓದಿದ್ದೇವೆ. ಅದೇ ಕಾಯ್ದೆ, ವಿಧವೆ ಮತ್ತೆ ಮದುವೆಯಾದರೆ ಸತ್ತ ಗಂಡನಿಂದ ಬಂದ ಆಸ್ತಿ ಅವಳ ಕೈಬಿಡುತ್ತದೆ ಎಂದಿತ್ತು. ಮಕ್ಕಳನ್ನು ತಮ್ಮ ಕಡೆಯವರ ವಶಕ್ಕೆ ಕೊಡಿ ಎಂದು ಗಂಡನ ಮನೆಯವರು ಕೋರ್ಟಿಗೆ ಹೋಗಲು ದಾರಿಯನ್ನೂ ಇಟ್ಟಿತ್ತು. ಮದುವೆಯಾಗು, ಆದರೆ ಹೊಲ ಬಿಡು, ಮಕ್ಕಳನ್ನೂ ಬಿಡು. ಆ ಕಾಯ್ದೆ ರದ್ದಾದದ್ದು 1983ರಲ್ಲಿ. ಕಾಗದದಿಂದ ಹೋಯಿತು, ನಮ್ಮ ಹಿರಿಯರ ಬಾಯಿಂದ ಇನ್ನೂ ಹೋಗಿಲ್ಲ.

ನಾನು ಮಗಳನ್ನು ಬಿಟ್ಟೆ. ಎರಡು ವರ್ಷ ಮೂರು ತಿಂಗಳು.

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ತಾಸು. ಈಗ 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಮನಸ್ಸು ಬಂದಾಗ ಹತ್ತಿ ಹೋಗಬಹುದು. ಆಗ ಹಾಗಿರಲಿಲ್ಲ. ಬಸ್ ಚಾರ್ಜಿಗೆ ಅತ್ತೆಯ ಮುಂದೆ ಕೈ ಒಡ್ಡಬೇಕು, ಯಾಕೆ ಎಂದು ಹೇಳಬೇಕು. ತಿಂಗಳಿಗೊಮ್ಮೆ ಹೋಗುತ್ತಿದ್ದವಳು ಎರಡು ತಿಂಗಳಿಗೊಮ್ಮೆ ಹೋಗತೊಡಗಿದೆ. ಮಗಳು ನನ್ನ ತಾಯಿಯನ್ನು ಅವ್ವ ಎನ್ನುತ್ತಿದ್ದಳು, ನನ್ನನ್ನು "ಕಲ್ಯಾಣದ ಅವ್ವ" ಎನ್ನುತ್ತಿದ್ದಳು. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆ ಹೋದಾಗ ಬಳೆ ಇಡಿಸಿದೆ, ಬೆಂಡು ಬತ್ತಾಸು ಕೊಡಿಸಿದೆ. ಎಲ್ಲ ತೆಗೆದುಕೊಂಡಳು. ಆಮೇಲೆ ನನ್ನ ತಾಯಿಯ ಸೆರಗು ಹಿಡಿದು, ನನಗೆ ಕೇಳುವಂತೆಯೇ, "ಕಲ್ಯಾಣದ ಅವ್ವ ಯಾವಾಗ ಹೋಗತಾಳ?" ಎಂದಳು. ಸಿಟ್ಟಿನಿಂದ ಕೇಳಿದ್ದಲ್ಲ. ಬಂದ ನೆಂಟರ ಬಗ್ಗೆ ಮಕ್ಕಳು ಕೇಳುವಂತೆ ಕೇಳಿದ್ದು.

ಇತ್ತ ಕಲ್ಯಾಣದ ಮನೆಯಲ್ಲಿ ಅವಳಿಗಿಂತ ಒಂದೇ ವರ್ಷ ದೊಡ್ಡವಳಿಗೆ ನಾನು ದಿನಾ ಬೆಳಿಗ್ಗೆ ತಲೆ ಬಾಚಿ ಜಡೆ ಹಾಕುತ್ತಿದ್ದೆ. ಒಂದು ದಿನ ಆ ಹುಡುಗಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕೇಳಿತು: "ಸಣ್ಣವ್ವ, ನಿನ್ನ ಮಗಳಿಗಿ ಯಾರು ತಲಿ ಬಾಚತಾರ?" ನನ್ನ ಕೈಯ ಬಾಚಣಿಗೆ ನಿಂತಿತು. ಅಂದು ಆ ಮಗುವಿನ ಕೂದಲನ್ನು ಸ್ವಲ್ಪ ಬಿಗಿಯಾಗಿಯೇ ಜಗ್ಗಿದೆ, ಅದು "ಹಾ" ಎಂದಿತು. ಮಲತಾಯಿ ಎಂಬ ಹೆಸರು ಯಾವ ಗಳಿಗೆಯಲ್ಲಿ ಹೆಂಗಸಿನ ಕೈಗೆ ಇಳಿಯುತ್ತದೆ ಎಂದು ನನಗೆ ಆಗ ತಿಳಿಯಿತು. ನನ್ನ ಮಗುವನ್ನು ಕಸಿದುಕೊಂಡು ಇನ್ನೊಬ್ಬರ ಮಗುವನ್ನು ಪ್ರೀತಿಸು ಎಂದರೆ ಆ ಪ್ರೀತಿ ಎಲ್ಲಿಂದ ಬರಬೇಕು? ಬಂದರೂ ಅದರಲ್ಲಿ ಒಂದು ಮುಳ್ಳು ಇದ್ದೇ ಇರುತ್ತದೆ.

ಮಗಳನ್ನು ಕರೆತಂದದ್ದು ನನ್ನ ಧೈರ್ಯದಿಂದ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. 2011ರಲ್ಲಿ ನನ್ನ ತಾಯಿ ಬಿದ್ದು ಸೊಂಟ ಮುರಿದುಕೊಂಡಳು, ಹುಡುಗಿಯನ್ನು ನೋಡುವವರು ಇಲ್ಲವಾದರು. ಅನಿವಾರ್ಯವಾಗಿ ತಂದೆ. ಮುಂದಿನ ವರ್ಷ ನಮ್ಮಿಬ್ಬರಿಗೆ ಒಬ್ಬ ಮಗ ಹುಟ್ಟಿದ. ಅವನವು ಎರಡು, ನನ್ನದೊಂದು, ನಮ್ಮದೊಂದು. ನಾಲ್ಕು ಮಕ್ಕಳು, ಮೂರು ಲೆಕ್ಕ.

ಇಂಥ ಮನೆಯ ಕಷ್ಟ ದೊಡ್ಡ ದೊಡ್ಡ ಜಗಳದಲ್ಲಿ ಇರುವುದಿಲ್ಲ, ದಿನದ ಸಣ್ಣ ಸಣ್ಣ ಸಂಗತಿಗಳಲ್ಲಿ ಇರುತ್ತದೆ. ನನ್ನ ಮಗಳಿಗೆ ಒಂದು ಏಟು ಕೊಟ್ಟರೆ ಓಣಿಯಲ್ಲಿ ಯಾರೂ ಹೊರಳಿ ನೋಡುತ್ತಿರಲಿಲ್ಲ. ಅವನ ಮಗನಿಗೆ ದನಿ ಏರಿಸಿದರೆ ಸಾಕು, ಎದುರು ಮನೆಯ ಮುದುಕಿ ಕಟ್ಟೆಗೆ ಬಂದು ನಿಲ್ಲುತ್ತಿದ್ದಳು: "ತಾಯಿ ಇಲ್ಲದ ಕೂಸು ನೋಡವ್ವ." ಹೀಗಾಗಿ ತಪ್ಪು ಯಾರದೇ ಇರಲಿ, ಪೆಟ್ಟು ಮಾತ್ರ ನನ್ನ ಮಗಳಿಗೆ ಬೀಳುತ್ತಿತ್ತು. ನಾನು ಒಳ್ಳೆಯವಳು ಎಂದು ಓಣಿಗೆ ತೋರಿಸಲು ಅವಳ ಬೆನ್ನನ್ನು ಖರ್ಚು ಮಾಡಿದೆ. ಮಕ್ಕಳನ್ನು ಹೊಡೆಯಲೇಬಾರದು ಎಂಬ ಬುದ್ಧಿ ನನಗೆ ಬಂದದ್ದು ಸಂಘದ ತರಬೇತಿಯಲ್ಲಿ ಅಲ್ಲ, ಈ ಲೆಕ್ಕ ಅರ್ಥವಾದ ಮೇಲೆ.

ಹಾಗೆಯೇ ಊಟ. ಭೇದ ಮಾಡಿದಳು ಎಂಬ ಮಾತು ಬರಬಾರದೆಂದು ನಾನು ಎಲ್ಲವನ್ನೂ ಎಣಿಸಿ ಬಡಿಸುತ್ತಿದ್ದೆ. ತತ್ತಿಯನ್ನು ದಾರದಿಂದ ಸರಿಯಾಗಿ ಎರಡು ಹೋಳು ಮಾಡುತ್ತಿದ್ದೆ, ಹೋಳಿಗೆಗೆ ಹಾಕುವ ತುಪ್ಪವೂ ಚಮಚದ ಅಳತೆಯಲ್ಲಿ. ಸಮಾನತೆ ಎಂದುಕೊಂಡಿದ್ದೆ. ಒಂದು ದಿನ ಹಿರೇ ಹುಡುಗ, ಆಗ ಅವನಿಗೆ ಹನ್ನೆರಡು, ನಗುತ್ತಾ, "ಸಣ್ಣವ್ವ, ನಮ್ಮ ಮನ್ಯಾಗ ತಕ್ಕಡಿ ಅದ" ಎಂದ. ನಾನು ಎಣಿಸಿ ಎಣಿಸಿ ಮಕ್ಕಳಿಗೂ ಎಣಿಸುವುದನ್ನು ಕಲಿಸಿದ್ದೆ. ಯಾರ ಪಾಲು ಎಷ್ಟು ಎಂದು ನಾಲ್ಕೂ ಮಕ್ಕಳು ಪರಸ್ಪರರ ತಾಟು ನೋಡುತ್ತಿದ್ದವು. ಹಡೆದ ತಾಯಿ ಎಣಿಸುವುದಿಲ್ಲ. ಹಸಿದವನಿಗೆ ಒಂದು ರೊಟ್ಟಿ ಹೆಚ್ಚು, ಜ್ವರ ಬಂದವಳಿಗೆ ಹಾಲು ಹೆಚ್ಚು, ಅಷ್ಟೇ ಅವಳ ನ್ಯಾಯ. ಎಣಿಸುವುದನ್ನು ಬಿಡಲು ನನಗೆ ಎಷ್ಟೋ ವರ್ಷ ಹಿಡಿಯಿತು.

ಬೋರಮಾಳದ ಸಂಗತಿಯೊಂದಿದೆ. ಮದುವೆಯಾದ ಮರುದಿನ ಅತ್ತೆ ತೀರಿಹೋದವಳ ಬೋರಮಾಳ ತಂದು ನನ್ನ ಕೊರಳಿಗೆ ಹಾಕಿದಳು. ಆ ಪುಟ್ಟ ಹುಡುಗಿ ನನ್ನ ಮುಖ ನೋಡಲಿಲ್ಲ, ಸರವನ್ನೇ ನೋಡಿತು. ನಾನು ಅಂದು ಸಂಜೆ ತೆಗೆದು ಟ್ರಂಕಿನಲ್ಲಿಟ್ಟೆ, ಅತ್ತೆಗೆ ಸಿಟ್ಟು ಬಂತು, "ಸತ್ತವಳದಂತ ಹೇಸಿಗಿ ಏನ?" ಎಂದಳು. ಅಲ್ಲ, ಅದು ಇನ್ನೊಬ್ಬರದು. ಹೆಣ್ಣುಮಗಳು ಉಯಿಲು ಬರೆಯದೆ ತೀರಿದರೆ ಅವಳ ಬಂಗಾರ ಅವಳ ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಗಂಡ ಎಲ್ಲರಿಗೂ ಸಮನಾಗಿ ಸೇರುತ್ತದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುವುದು ಹಾಗೆ. ಹೊಸ ಹೆಂಡತಿಗೆ ಉಡುಗೊರೆ ಕೊಡಲು ಅದು ಅತ್ತೆಯ ಸೊತ್ತಲ್ಲ. ಆ ಕಾನೂನು ಆಗ ನನಗೆ ಗೊತ್ತಿರಲಿಲ್ಲ, ಮಗುವಿನ ಕಣ್ಣು ಹೇಳಿದ್ದು ಸಾಕಾಗಿತ್ತು. ಆ ಸರ ಈಗ ಆ ಹುಡುಗಿಯ ಹತ್ತಿರವೇ ಇದೆ.

ಈ ಎಲ್ಲದರಲ್ಲೂ ಅಪ್ಪ ಎಲ್ಲಿದ್ದ ಎಂದು ನೀವು ಕೇಳಬಹುದು. ಮನೆಯಲ್ಲೇ ಇದ್ದ. ಕೆಟ್ಟವನಲ್ಲ. ನನ್ನ ಮಗಳು ಅವನನ್ನು ಮೂರು ವರ್ಷ "ಕಾಕಾ" ಎಂದೇ ಕರೆದಳು. "ಅಪ್ಪ ಅನ್ನು" ಎಂದು ಬಂಧುಗಳು ಗದರಿಸಿದರೆ, "ಅಕಿಗಿ ಏನು ತಿಳೀತದೋ ಅದು ಅನ್ನಲಿ ಬಿಡ್ರಿ" ಎನ್ನುತ್ತಿದ್ದ. ಅದಕ್ಕೆ ನಾನು ಇಂದಿಗೂ ಅವನಿಗೆ ಋಣಿ. ಆದರೆ ಅವನು ಸಂಜೆ ಮಿಠಾಯಿ ತರುವ ಅಪ್ಪನಾಗಿದ್ದ. ಓದಲಿಲ್ಲವೇಕೆ, ಟಿವಿ ಆರಿಸು, ಮೊಬೈಲು ಕೆಳಗಿಡು, ಆ ಹುಡುಗರ ಜೊತೆ ತಿರುಗಬೇಡ ಎಂಬ ಬೇಡಗಳೆಲ್ಲ ನನ್ನ ಬಾಯಿಂದಲೇ ಬರಬೇಕು. ತನ್ನ ಮಕ್ಕಳಿಗೆ ತಾನು ಹೇಳಬೇಕಾದ ಕಹಿ ಮಾತನ್ನು ಹೊಸ ಹೆಂಡತಿಯಿಂದ ಹೇಳಿಸಿ, ಮಕ್ಕಳು ಅತ್ತಾಗ ಸಮಾಧಾನ ಮಾಡಲು ಮಾತ್ರ ಬರುವ ಗಂಡಸು ತನಗೆ ಗೊತ್ತಿಲ್ಲದೆಯೇ ಮನೆಯಲ್ಲಿ ಒಬ್ಬ ಮಲತಾಯಿಯನ್ನು ತಯಾರು ಮಾಡುತ್ತಾನೆ. ಕತೆ, ಸಿನಿಮಾ, ಧಾರಾವಾಹಿಗಳಲ್ಲಿ ಮಲತಾಯಿ ಎಷ್ಟು ಜನ ಇದ್ದಾರೆ ಎಣಿಸಿ. ಅವಳ ಗಂಡನ ಮುಖ ಒಂದಾದರೂ ನೆನಪಿದೆಯೇ?

ಇನ್ನೊಂದು ಮಾತನ್ನು ನಮ್ಮ ಹೆಂಗಸರು ದನಿ ತಗ್ಗಿಸಿ ಹೇಳುತ್ತಾರೆ: ಬೆಳೆಯುವ ಹುಡುಗಿಯನ್ನು ಮಲತಂದೆಯ ಮನೆಗೆ ಹೇಗೆ ಒಯ್ಯುವುದು? ಆ ಭಯ ಸುಳ್ಳಲ್ಲ, ಅದನ್ನು ಮುಚ್ಚಿಡುವುದೂ ಬೇಡ. ಆದರೆ ಮಕ್ಕಳ ಮೇಲೆ ಕೈಯಿಡುವವರು ಮಲತಂದೆಯರಷ್ಟೇ ಅಲ್ಲ, ಹಡೆದ ಅಪ್ಪ, ಮಾವ, ಕಾಕಾ ಇದ್ದ ಮನೆಗಳಲ್ಲೂ ಇಂಥದು ನಡೆದಿದೆ, ನಮ್ಮ ಸಂಘಗಳ ಮುಂದೆ ಬಂದಿದೆ. ಅಜ್ಜಿಯ ಮನೆಯಲ್ಲಿ ಬಿಟ್ಟ ಮಾತ್ರಕ್ಕೆ ಹುಡುಗಿಗೆ ರಕ್ಷಣೆ ಸಿಗುವುದಿಲ್ಲ, ಹೇಳಿಕೊಳ್ಳಲು ತಾಯಿ ಪಕ್ಕದಲ್ಲಿ ಇಲ್ಲದಂತೆ ಆಗುತ್ತದೆ. ನಾನು ಮೊದಲ ದಿನದಿಂದ ಹೆಣ್ಣುಮಕ್ಕಳಿಬ್ಬರಿಗೂ ಬೇರೆ ಮಲಗುವ ಜಾಗ ಮಾಡಿದೆ, ಇಬ್ಬರಿಗೂ ಒಂದೇ ಮಾತು ಹೇಳಿದೆ: ಯಾರೇ ಆಗಲಿ, ನಿಮ್ಮಪ್ಪನೇ ಆಗಲಿ, ನಿಮಗೆ ಹೇಸಿಗೆ ಅನ್ನಿಸಿದರೆ ನನಗೆ ಹೇಳಿ, ನಾನು ಮೊದಲು ನಿಮ್ಮ ಮಾತು ನಂಬುತ್ತೇನೆ. ಗಂಡನ ಎದುರಿಗೇ ಹೇಳಿದೆ. 2012ರ ಪೋಕ್ಸೊ ಕಾಯ್ದೆಯಲ್ಲಿ ಮನೆಯವರು, ಸಂಬಂಧಿಕರು ಮಾಡಿದ ಅಪರಾಧಕ್ಕೆ ಶಿಕ್ಷೆ ಇನ್ನೂ ಹೆಚ್ಚು. ಮಕ್ಕಳ ಸಹಾಯವಾಣಿ 1098, ಅದನ್ನು ಮಕ್ಕಳಿಗೇ ಬಾಯಿಪಾಠ ಮಾಡಿಸಿ.

ಈಗ ಹುಂಡಾಕ್ಕೆ ಬರುತ್ತೇನೆ. ನನ್ನ ಮಗಳು ಬಂದ ಮೊದಲ ವಾರ ಅತ್ತೆ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? ಏನು ತಿನ್ನುತ್ತಾಳೆ, ಶಾಲೆ ಯಾವುದು ಎಂದಲ್ಲ. "ಅಕಿನ ಮದಿವಿ ಯಾರು ಮಾಡೋರು?" ಆರು ವರ್ಷದ ಮಗುವನ್ನು ನೋಡಿದಾಗ ಆ ಮುದುಕಿಗೆ ಕಂಡದ್ದು ಮುಂದೊಂದು ದಿನ ಕೊಡಬೇಕಾದ ಐದು ತೊಲ ಬಂಗಾರ. ಅವಳನ್ನು ನಾನು ದೂರುವುದಿಲ್ಲ, ಅವಳೂ ತೂಗಿಸಿಕೊಂಡೇ ಬಂದವಳು. "ಹುಡಗೀನೂ ಬ್ಯಾಡ" ಎಂಬ ಮಾತಿನ ಬೇರು ಇಲ್ಲಿದೆ. ನನ್ನ ಜೊತೆ ಗಂಡುಮಗು ಇದ್ದಿದ್ದರೆ ಬೇಡ ಎನ್ನುವುದಕ್ಕೆ ಹೊಲದ ಪಾಲಿನ ನೆಪ ಬರುತ್ತಿತ್ತು. ಹೆಣ್ಣು ಎಂದರೆ ಸಾಲ, ಗಂಡು ಎಂದರೆ ಪಾಲು. ಹಡೆದ ಮಗಳ ಸಾಲವನ್ನಾದರೂ ಹೊರುತ್ತಾರೆ, ಇನ್ನೊಬ್ಬನ ಮಗಳ ಸಾಲ ಯಾಕೆ ಹೊರಬೇಕು? ಹಾಗಾಗಿ ಹುಂಡಾ ಕೇಳದೆ ಹುಡುಗಿಯನ್ನು ಬಿಟ್ಟು ಬಾ ಎನ್ನುವವನು ಹುಂಡಾ ಬಿಟ್ಟವನಲ್ಲ. ತಾನು ಮುಂದೆ ಕೊಡಬೇಕಾದ ಹುಂಡಾವನ್ನು ಇಂದೇ ಉಳಿಸಿಕೊಂಡವನು. ಆ ಉಳಿತಾಯವನ್ನು ತುಂಬಿಕೊಡುವವಳು ಆ ಮಗು.

ಈ ಲೆಕ್ಕದ ಪುಸ್ತಕ ಬರೆದದ್ದು ನಮ್ಮೂರಲ್ಲೇ ಎಂದರೆ ನಿಮಗೆ ನಗು ಬರಬಹುದು. ಕಲ್ಯಾಣದಲ್ಲಿ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ, ಬಸವಣ್ಣನವರು ಇಲ್ಲಿಗೆ ಬರುವುದಕ್ಕಿಂತ ಮೊದಲು, ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು ಎಂಬುದು ದೇಶದ ಬಹುಭಾಗಕ್ಕೆ ಹೋದದ್ದು ಆ ಪುಸ್ತಕದಿಂದ. ಸ್ತ್ರೀಧನದ ಅರ್ಥವನ್ನು ಆತ ಅಗಲ ಮಾಡಿದ, ಅದನ್ನೂ ಹೇಳಬೇಕು. ಆದರೆ ಮಗಳಿಗೆ ಹುಟ್ಟಿನ ಪಾಲು ಬರಲು ಎಂಟುನೂರಕ್ಕೂ ಹೆಚ್ಚು ವರ್ಷ ಹಿಡಿಯಿತು: ಕರ್ನಾಟಕದಲ್ಲಿ 1994ರ ತಿದ್ದುಪಡಿ, ಇಡೀ ದೇಶಕ್ಕೆ 2005ರದು, ಅಪ್ಪ ಯಾವಾಗ ತೀರಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ್ದು 2020ರಲ್ಲಿ. ಅದೇ ಕಲ್ಯಾಣದಲ್ಲಿ ಇನ್ನೊಂದು ಮನೆಯೂ ಇತ್ತು. ಬಸವಣ್ಣನವರ ಅಕ್ಕ ನಾಗಮ್ಮ ಮಗನನ್ನು ಕಟ್ಟಿಕೊಂಡು ತಮ್ಮನ ಜೊತೆ ಇದ್ದಳು. ಸೋದರಮಾವನ ನೆರಳಲ್ಲಿ ಬೆಳೆದ ಆ ಚನ್ನಬಸವಣ್ಣ ಶರಣರಲ್ಲಿ ಎಂಥ ಹಿರಿಯನಾದ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಅಕ್ಕನಾಗಮ್ಮನ ಗವಿಗೆ ಹೋಗಿ ಕೈಮುಗಿಯುವ ಹೆಂಗಸರು ಮನೆಗೆ ಬಂದು, ಮಗು ಕಟ್ಟಿಕೊಂಡು ಬಂದ ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ.

ಮತ್ತೆ ಕಾಗದದ ತೊಡಕು. ನನ್ನ ಮಗಳನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರು ಎಂಬಲ್ಲಿ ಗುರುಗಳು ಪೆನ್ನು ಹಿಡಿದು ಕೂತರು. ಸ್ಲೇಟು ಕೊಡಿಸದವನ ಹೆಸರು ಬರೆಸಿದೆ, ಸ್ಲೇಟು ಕೊಡಿಸಿದವನು ಪಕ್ಕದಲ್ಲಿ ನಿಂತಿದ್ದ. ಅಪ್ಪ ಬದುಕಿರುವಾಗ ಮಲತಂದೆ ಕಾನೂನಿನ ಕಣ್ಣಿಗೆ ಪಾಲಕನಲ್ಲ. 1956ರ ಪಾಲಕತ್ವದ ಕಾಯ್ದೆ ಮಲತಂದೆ, ಮಲತಾಯಿಯರನ್ನು ಸ್ವಾಭಾವಿಕ ಪಾಲಕರಲ್ಲ ಎಂದು ಬಿಡಿಸಿಯೇ ಹೇಳುತ್ತದೆ. ಆದರೆ ತಾಯಿಯ ಸಹಿ ಸಾಲದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಲೇಖಕಿ ಗೀತಾ ಹರಿಹರನ್ ಹಾಕಿದ ಮೊಕದ್ದಮೆಯಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್, ಅಪ್ಪ ಮಗುವಿನ ಹೊಣೆಯಿಂದ ದೂರ ಉಳಿದಿದ್ದರೆ ಅವನು ಬದುಕಿದ್ದರೂ ತಾಯಿಯೇ ಪಾಲಕಿ ಎಂದಿದೆ. ಅಪ್ಪ ತೀರಿಹೋಗಿದ್ದರೆ ದಾರಿ ಇನ್ನೂ ಸಲೀಸು. ಆಂಧ್ರದ ಒಬ್ಬ ತಾಯಿ, ಗಂಡ ಸತ್ತಾಗ ಕೈಯಲ್ಲಿ ಎರಡೂವರೆ ತಿಂಗಳ ಕೂಸು, ಮರುಮದುವೆಯಾದಳು. ಮಗುವಿನ ಕಾಗದಗಳಲ್ಲಿ ಹೊಸ ಗಂಡನ ಹೆಸರಿನ ಮುಂದೆ ಮಲತಂದೆ ಎಂದೇ ಬರೆಯಬೇಕು ಎಂದು ಹೈಕೋರ್ಟ್ ಹೇಳಿತ್ತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ಮಗುವಿನ ಮನಸ್ಸಿಗೆ ಕ್ರೂರವಾದದ್ದು ಎಂದು ತೆಗೆದುಹಾಕಿ, ಮಗುವಿಗೆ ಯಾವ ಮನೆತನದ ಹೆಸರಿಡಬೇಕು ಎನ್ನುವುದು ತಾಯಿಗೆ ಬಿಟ್ಟದ್ದು ಎಂದಿತು. ನಮ್ಮ ಸಂಘದ ಮುಸ್ಲಿಂ ಅಕ್ಕಂದಿರಿಗೆ ಇನ್ನೊಂದು ಹೆದರಿಕೆ ಹಾಕುತ್ತಾರೆ, ಹೊರಗಿನವನನ್ನು ನಿಕಾಹ್ ಆದರೆ ಮಗುವನ್ನು ಇಟ್ಟುಕೊಳ್ಳುವ ಹಕ್ಕು ಹೋಯಿತು ಎಂದು. ಹಳೆಯ ನಿಯಮ ಹಾಗಿದ್ದರೂ ಕೋರ್ಟಿನ ಮುಂದೆ ಮಗುವಿನ ಹಿತವೇ ದೊಡ್ಡದು, ಕೇಳದೆ ಬಿಟ್ಟುಕೊಡಬೇಡಿ.

ಸಂಘಗಳಲ್ಲಿ ಕಡಿಮೆ ಮಾತಾಡುವ ಇನ್ನೊಂದು ವಿಷಯ. ಹುಂಡಾ ಸಾವುಗಳ ಸುದ್ದಿಯಲ್ಲಿ ನಾವು ಸತ್ತವಳನ್ನು ನೆನೆಯುತ್ತೇವೆ, ಮೊಕದ್ದಮೆ ನೆನೆಯುತ್ತೇವೆ, ಉಳಿದ ಮಕ್ಕಳು ಎಲ್ಲಿ ಎಂದು ವರ್ಷದ ಮೇಲೆ ಯಾರೂ ಕೇಳುವುದಿಲ್ಲ. ಸುಟ್ಟು ಸತ್ತವಳ ವರ್ಷದ ಕಾರ್ಯ ಮುಗಿಯುವ ಮೊದಲೇ ಗಂಡ ಮತ್ತೆ ಬಾಸಿಂಗ ಕಟ್ಟಿಕೊಂಡದ್ದನ್ನು, ಹೊಸ ಹುಂಡಾ ಎಣಿಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1986ರಲ್ಲಿ ಸೇರಿಸಿದ ಮಾತೊಂದಿದೆ: ಮದುವೆಯಾಗಿ ಏಳು ವರ್ಷದೊಳಗೆ ಹೆಂಡತಿ ಅಸಹಜವಾಗಿ ಸತ್ತರೆ ಅವಳ ಹೆಸರಿನಲ್ಲಿ ಕೊಟ್ಟದ್ದೆಲ್ಲ ಅವಳ ಮಕ್ಕಳಿಗೆ ಸೇರಬೇಕು, ಮಕ್ಕಳಿಲ್ಲದಿದ್ದರೆ ಅವಳ ತಾಯಿತಂದೆಗೆ. ಗಂಡನಿಗಲ್ಲ, ಅವನ ಎರಡನೆಯ ಹೆಂಡತಿಗೂ ಅಲ್ಲ. ಇದನ್ನು ಕೇಳಿ ಪಡೆದ ಅಜ್ಜಿಯರು ನಮ್ಮಲ್ಲಿ ಎಷ್ಟು ಜನ? ಹಾಗೆಯೇ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮಗು ಎಂದರೆ ಮಲಮಗುವೂ ಸೇರಿದೆ. 2007ರ ಹಿರಿಯರ ಕಾಯ್ದೆಯಲ್ಲಿ ತಂದೆತಾಯಿ ಎಂದರೆ ಮಲತಂದೆ, ಮಲತಾಯಿಯೂ ಸೇರಿದ್ದಾರೆ, ನಾಳೆ ಮುದುಕಿಯಾದಾಗ ನನ್ನನ್ನು ನೋಡಿಕೊಳ್ಳುವ ಹೊಣೆ ಆ ಹಿರೇ ಹುಡುಗನ ಮೇಲೂ ಇದೆ. ಆಸ್ತಿಯಲ್ಲಿ ಮಾತ್ರ ಮಲಮಗಳಿಗೆ ಮಲತಂದೆಯಿಂದ ತಾನಾಗಿ ಏನೂ ಬರುವುದಿಲ್ಲ. ಕೊಡುವ ಮನಸ್ಸಿದ್ದರೆ ಉಯಿಲು ಬರೆದಿಡಬೇಕು, ಇಲ್ಲವೇ ದತ್ತಕ ಪತ್ರ ನೋಂದಾಯಿಸಬೇಕು. ಬಾಯಿಮಾತು ಸಾಲದು.

ಮರುಮದುವೆಯೇ ಬೇಡ, ಮಕ್ಕಳಿಗಾಗಿ ಒಂಟಿಯಾಗಿ ಬದುಕಿ ಎಂದು ಹೇಳುವ ಗೆಳತಿಯರು ನಮ್ಮ ಚಳವಳಿಯಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಇಪ್ಪತ್ತಾರರ ಹೆಣ್ಣಿಗೆ ಗಂಡ, ಮನೆ, ಜೊತೆ ಬೇಕೆನ್ನಿಸಿದರೆ ಅದರಲ್ಲಿ ಅಪರಾಧವೇನು? ನಾನು ಹೇಳುವುದು, ಮಾತುಕತೆಯ ಚಾಪೆಯ ಮೇಲೆ ಮೊದಲು ಮಗುವಿನ ಮಾತಾಗಲಿ. ಎಲ್ಲಿ ಮಲಗುತ್ತದೆ, ಶಾಲೆಯ ಖರ್ಚು ಯಾರದು, ಅದರ ಅಜ್ಜ ಅಜ್ಜಿ ಬಂದು ನೋಡಬಹುದೇ, ಸತ್ತ ಅಪ್ಪನ ಹೊಲದ ಪಾಲು ಯಾರ ಹೆಸರಿಗೆ. ನಮ್ಮ ಈ ಹುಡುಗಿಯ ವಿಷಯದಲ್ಲೂ ಅತ್ತೆಮನೆಯವರು "ಬ್ಯಾರೆ ಮದಿವಿ ಆದ್ರ ಹೊಲದ ಕಡಿ ಬರಬ್ಯಾಡ" ಎಂದಿದ್ದರಂತೆ. ಅವಳ ಗಂಡನ ಸ್ವಂತ ಪಾಲಿನಲ್ಲಿ ಅವಳಿಗೂ, ಮಗಳಿಗೂ, ಅತ್ತೆಗೂ ಸಮ ಭಾಗ ಉಂಟು, ಮರುಮದುವೆಯಿಂದ ಅದು ಹೋಗುವುದಿಲ್ಲ, ಮಗಳ ಭಾಗ ಯಾರೂ ಮುಟ್ಟುವಂತಿಲ್ಲ. ಹಿರಿಯರು ಬಂಗಾರದ ಪಟ್ಟಿ ಬರೆಯುತ್ತಿದ್ದ ಹಾಳೆಯಲ್ಲಿ ಇದನ್ನು ಬರೆದು ಸಹಿ ಹಾಕಲಿ. ಸಂಘದ ಇಬ್ಬರು ಸಾಕ್ಷಿ ಕೂರಲಿ.

ಮುಂದಿನ ವಾರದ ಸಭೆಯಲ್ಲಿ ನಾನು ಬಾಯಿ ಬಿಟ್ಟೆ. ನಾವು ಮೂವರು ಹುಮನಾಬಾದಿಗೆ ಹೋಗಿ ಆ ಮನೆಯವರನ್ನು ಕಂಡೆವು. ಚಹಾ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿದರು. ಹುಡುಗಿ ತಾಯಿಯ ಜೊತೆಗೇ ಬರುತ್ತಾಳೆ ಎಂದಾಗ ಗಂಡಿನ ಅಣ್ಣ, "ವಿಚಾರ ಮಾಡಿ ಹೇಳತೀವ್ರಿ" ಎಂದ. ಹದಿನೈದು ದಿನ ಏನೂ ಸುದ್ದಿ ಬರಲಿಲ್ಲ. ಅವಳ ತಾಯಿ ಈಗ ನನ್ನೊಡನೆ ಮಾತು ಬಿಟ್ಟಿದ್ದಾಳೆ. "ನಿನ್ನ ಮಗಳಿಗಿ ನೀ ಬಿಟ್ಟು ಹೋಗಿದ್ದಿ, ನಿನ್ನ ಸಂಸಾರ ಛಲೋ ಆಯ್ತು. ನನ್ನ ಮಗಳ ಸಂಬಂಧ ಯಾಕ ಕೆಡಸಿದಿ?" ಎಂದು ಕೇಳಿದಳು. ಅದಕ್ಕೆ ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ನನ್ನ ಮಗಳಿಗೆ ಈಗ ಇಪ್ಪತ್ತು, ಅವಳನ್ನು ಕೇಳಿದರೆ ಆ ಎರಡು ವರ್ಷ ನೆನಪಿಲ್ಲ ಎನ್ನುತ್ತಾಳೆ. ಆದರೆ ನಾನು ಊರಿಗೆ ಹೊರಟರೆ ಇಂದಿಗೂ ಯಾವ ಬಸ್ಸಿಗೆ ಬರುತ್ತೀ ಎಂದು ಕೇಳದೆ ಬಿಡುವುದಿಲ್ಲ.

ಈ ಬರಹ ಮುಗಿಸುವಾಗ ಆ ಸದಸ್ಯೆ ಉಳಿತಾಯದ ಹಣ ಕಟ್ಟಲು ಬಂದಿದ್ದಳು. ನಿನ್ನೆ ಹುಮನಾಬಾದಿನಿಂದ ಫೋನು ಬಂದಿತ್ತಂತೆ, ಅಣ್ಣನದಲ್ಲ, ಅವನದೇ. ಹುಡುಗಿ ಯಾವ ಇಯತ್ತೆ ಎಂದು ಕೇಳಿದನಂತೆ. ಒಂದನೇ ಇಯತ್ತೆ ಎಂದು ಇವಳು ಹೇಳಿದ್ದಾಳೆ. ಮುಂದೆ ಏನೂ ಮಾತಾಗಿಲ್ಲ.